ರಾಜ್ಯಶಾಸ್ತ್ರದ ಪದವಿ: ಒಂದು ನಿಯಮದ ಹಿಂದಿನ ಕಥೆ

ಕೆಲವು ತಿಂಗಳ ಹಿಂದೆ ನನ್ನ ಮೇಜಿಗೆ ಒಂದು ಅರ್ಜಿ ಬಂದಿತು. ಅರ್ಜಿದಾರಳು ನಮ್ಮ ವಿಭಾಗದಲ್ಲಿಯೇ ಕೆಲಸ ಮಾಡುವ ಕನ್ನಡದ ಹುಡುಗಿ. ಮುಂಬಯಿಯಲ್ಲಿ ಹುಟ್ಟಿ ಬೆಳೆದವಳು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಈಗ ನೌಕರಿಯಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡಬೇಕೆಂದು ಇಲಾಖೆಯ ಅನುಮತಿ ಕೋರಿದ್ದಳು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿಯ ಪ್ರಕಾರ ಹೀಗೆ ಅರೆಕಾಲಿಕವಾಗಿ ಸಂಶೋಧನೆ ಮಾಡುವವರು ತಮ್ಮ ಕಚೇರಿಯಿಂದ ‘ನೋ ಅಬ್ಜೆಕ್ಷನ್’ ಪತ್ರ ತರಬೇಕು. ಆ ಪತ್ರದಲ್ಲಿ ಮೂರು ಸಂಗತಿಗಳಿರಬೇಕು: ಅಭ್ಯರ್ಥಿಗೆ ಓದಲು ಅನುಮತಿಯಿದೆ, ಕಚೇರಿಯ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದಲ್ಲಿ ಪಾಠಗಳಿಗೆ ಹಾಜರಾಗಲು ಕೆಲಸದಿಂದ ಬಿಡುವು ಕೊಡಲಾಗುತ್ತದೆ. ಇಂತಹ ಅರ್ಜಿಗಳ ಮೇಲೆ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುವುದು ನನ್ನ ಪಾಲಿನ ಕೆಲಸ.

ಕಾಗದಗಳಲ್ಲಿ ಒಂದು ಕಡಿಮೆಯಿತ್ತು. ಕರೆದು ಹೇಳಿದೆ. ಆಕೆ ನಿಟ್ಟುಸಿರು ಬಿಟ್ಟು, “ಸಾರ್, ಎಂ.ಎ.ಯಲ್ಲಿ ಇಷ್ಟು ಅಂಕ ಬೇಕು, ಇಷ್ಟು ವರ್ಷ ಕಳೆಯಬೇಕು, ಇಂಥಿಂಥ ಕಾಗದ ತರಬೇಕು. ಓದುವುದಕ್ಕೆ ಇಷ್ಟೆಲ್ಲ ಕಟ್ಟಳೆ ಹಾಕಬೇಕೆಂದು ಮೊದಲು ಯೋಚಿಸಿದವರು ಯಾರು?” ಎಂದು ಕೇಳಿದಳು.

“ನಿಯಮ ಅಂದರೆ ನಿಯಮ ಅಮ್ಮಾ” ಎಂದು ನಕ್ಕು ಕಳಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಬಿ.ಎಸ್ಸಿ. ಓದಿದವನು. ಪ್ರಯೋಗಶಾಲೆಯಿಂದ ನೇರವಾಗಿ ಸರಕಾರಿ ಕಡತಗಳಿಗೆ ಬಂದವನು. ರಾಜ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದಾಗ್ಯೂ ಇಪ್ಪತ್ತು ವರ್ಷ ನಿಯಮಗಳ ನಡುವೆಯೇ ಜೀವಿಸಿದವನಿಗೆ ಒಂದು ನಿಯಮ ಎಲ್ಲಿಂದ ಬಂತೆಂದು ತಿಳಿಯುವ ಕುತೂಹಲವಾದರೂ ಇರಬೇಡವೇ? ಭಾನುವಾರಗಳಲ್ಲಿ ಪುಸ್ತಕಗಳನ್ನು ಹುಡುಕಿ ಓದುತ್ತ ಹೋದೆ. ಆ ಹುಡುಕಾಟ ನನ್ನನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೂ, ಅಲ್ಲಿಂದ ಮರಳಿ ಇದೇ ಮುಂಬಯಿಯ ಪರೇಲಿಗೂ ತಂದು ನಿಲ್ಲಿಸಿತು. ವಾಚಕರೊಡನೆ ಅದನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಜರ್ಮನಿಯಿಂದ ಅಮೆರಿಕೆಗೆ

ಇಂದು ನಾವು ಪಿಎಚ್.ಡಿ. ಎಂದು ಕರೆಯುವ ಸಂಶೋಧನಾ ಪದವಿ ರೂಪುಗೊಂಡದ್ದು ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚಿನ ಅಧ್ಯಯನ ಮಾಡಬೇಕೆಂಬ ಅಮೆರಿಕದ ತರುಣರು ಹಡಗು ಹತ್ತಿ ಬರ್ಲಿನ್, ಲೈಪ್‌ಜಿಗ್, ಗಟಿಂಗೆನ್‌ಗಳಿಗೆ ಹೋಗುತ್ತಿದ್ದರು. ಅಮೆರಿಕದಲ್ಲಿ ಮೊದಲ ಪಿಎಚ್.ಡಿ. ಪದವಿಗಳನ್ನು 1861ರಲ್ಲಿ ಯೇಲ್ ನೀಡಿತು. 1876ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯ ಸಂಶೋಧನೆಯನ್ನೇ ಮುಖ್ಯ ಗುರಿಯಾಗಿಟ್ಟುಕೊಂಡು ಆರಂಭವಾಯಿತು.

ಅದೇ 1876ರಲ್ಲಿ ಜಾನ್ ಬರ್ಜೆಸ್ ಎಂಬ ಅಧ್ಯಾಪಕರು ಕೊಲಂಬಿಯಾಕ್ಕೆ ಬಂದರು. 1844ರಲ್ಲಿ ಟೆನೆಸಿ ಪ್ರಾಂತದಲ್ಲಿ ಹುಟ್ಟಿದ ಇವರು ತಾರುಣ್ಯದಲ್ಲಿ ಅಮೆರಿಕದ ಅಂತರ್ಯುದ್ಧವನ್ನು ಕಣ್ಣಾರೆ ಕಂಡವರು. ದಕ್ಷಿಣದವರಾದರೂ ಉತ್ತರದ ಸೈನ್ಯದಲ್ಲಿ ಸೇವೆ ಮಾಡಿದವರು. ಒಂದು ಕದನದ ನಂತರದ ರಾತ್ರಿ, ಸುತ್ತ ಗಾಯಾಳುಗಳ ನರಳಾಟ ಕೇಳುತ್ತಿರುವಾಗ, ಮನುಷ್ಯರು ತಮ್ಮ ಜಗಳಗಳನ್ನು ಕತ್ತಿಯಿಂದಲ್ಲ, ವಿವೇಕದಿಂದ ಬಗೆಹರಿಸಿಕೊಳ್ಳುವುದನ್ನು ಕಲಿಸಲು ತಮ್ಮ ಬಾಳನ್ನು ಮುಡಿಪಿಡಬೇಕೆಂದು ನಿಶ್ಚಯಿಸಿದೆನೆಂದು ಅವರು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆಮೇಲೆ ಜರ್ಮನಿಗೆ ಹೋಗಿ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಓದಿದರು.

1754ರಲ್ಲಿ ಸ್ಥಾಪನೆಯಾದ ಕೊಲಂಬಿಯಾ ಅಷ್ಟು ಹೊತ್ತಿಗೆ ಹಳೆಯ ಸಂಸ್ಥೆಯೇ ಆಗಿತ್ತಾದರೂ ಸಂಶೋಧನೆಯ ವ್ಯವಸ್ಥೆ ಅಲ್ಲಿರಲಿಲ್ಲ. ಬರ್ಜೆಸ್ ಪಟ್ಟುಹಿಡಿದು ಟ್ರಸ್ಟಿಗಳನ್ನು ಒಪ್ಪಿಸಿದರು. 1880ರ ಜೂನ್ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು; ಅಕ್ಟೋಬರಿನಲ್ಲಿ ‘ಸ್ಕೂಲ್ ಆಫ್ ಪೊಲಿಟಿಕಲ್ ಸೈನ್ಸ್’ ಬಾಗಿಲು ತೆರೆಯಿತು. ಬರ್ಜೆಸ್ ತಮ್ಮೊಡನೆ ಕರೆದುಕೊಂಡ ಅಧ್ಯಾಪಕರಾದ ಮೇಯೊ-ಸ್ಮಿತ್, ಮನ್ರೋ ಸ್ಮಿತ್, ಬೇಟ್‌ಮನ್ ಮೂವರೂ ಅವರ ಹಳೆಯ ಶಿಷ್ಯರೇ. ಕಾಲೇಜಿನ ಮೂರು ವರ್ಷ ಮುಗಿಸಿದವರು ಸೇರಬಹುದಾಗಿದ್ದ, ಮೂರು ವರ್ಷಗಳ ಪಾಠಕ್ರಮ ಅದು. ರಾಜ್ಯಶಾಸ್ತ್ರವನ್ನು ಒಂದು ಸ್ವತಂತ್ರ ವಿದ್ಯೆಯೆಂದು ಎಣಿಸಿ, ಅದಕ್ಕಾಗಿಯೇ ಪದವಿ, ಪಾಠ, ನಿಯಮಗಳನ್ನು ರೂಪಿಸಿದ ಅಮೆರಿಕದ ಮೊದಲ ಸಂಸ್ಥೆಗಳಲ್ಲಿ ಇದು ಅತಿ ಮುಖ್ಯವಾದದ್ದು.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಅಂದಿನ ಕೊಲಂಬಿಯಾದಲ್ಲಿ ‘ರಾಜ್ಯಶಾಸ್ತ್ರ’ ಎಂಬ ಹೆಸರಿನ ಚಪ್ಪರ ಬಹಳ ದೊಡ್ಡದಾಗಿತ್ತು. ಇತಿಹಾಸ, ಅರ್ಥಶಾಸ್ತ್ರ, ಸಾರ್ವಜನಿಕ ಕಾನೂನು, ಮುಂದೆ ಸಮಾಜಶಾಸ್ತ್ರ, ಇವೆಲ್ಲ ‘ಫ್ಯಾಕಲ್ಟಿ ಆಫ್ ಪೊಲಿಟಿಕಲ್ ಸೈನ್ಸ್’ ಎಂಬ ಒಂದೇ ನಿಕಾಯದ ಕೆಳಗೆ ಬರುತ್ತಿದ್ದವು. ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡಿದವನಿಗೂ ಡಾಕ್ಟರ್ ಪದವಿ ಬರುತ್ತಿದ್ದುದು ರಾಜ್ಯಶಾಸ್ತ್ರ ನಿಕಾಯದಿಂದಲೇ.

ಕಟ್ಟಳೆಗಳು ಮತ್ತು ಅವುಗಳ ಕಾರಣ

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಈ ನಿಕಾಯದ ಕಟ್ಟಳೆಗಳು ಗಟ್ಟಿಯಾಗಿ ನಿಂತಿದ್ದವು. ಅವನ್ನು ನಮ್ಮ ಕಚೇರಿಯ ಟಿಪ್ಪಣಿಯಂತೆ ಒಂದೊಂದಾಗಿ ನೋಡೋಣ.

ಮೊದಲನೆಯದು ವಾಸ್ತವ್ಯದ ನಿಯಮ. ಪರೀಕ್ಷೆಗೆ ಮಾತ್ರ ಬಂದು ಹೋದರೆ ಸಾಲದು. ನಿಗದಿಯಾದಷ್ಟು ಕಾಲ ವಿಶ್ವವಿದ್ಯಾನಿಲಯದಲ್ಲಿ ಇದ್ದು ಪಾಠ ಕೇಳಬೇಕು. ಎರಡನೆಯದು ವಿಷಯಗಳ ಆಯ್ಕೆ. ಒಂದು ಮುಖ್ಯ ವಿಷಯ, ಅದರೊಡನೆ ಎರಡು ಉಪವಿಷಯ. ಎಂ.ಎ. ಪದವಿಗೆ ಒಂದು ಪ್ರಬಂಧ ಬರೆಯಬೇಕು. ಮೂರನೆಯದು ಭಾಷೆ. ಆಗ ಈ ಶಾಸ್ತ್ರಗಳ ದೊಡ್ಡ ಗ್ರಂಥಗಳು ಜರ್ಮನ್ ಮತ್ತು ಫ್ರೆಂಚಿನಲ್ಲಿದ್ದುದರಿಂದ ಅವನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಜ್ಞಾನ ಬೇಕಿತ್ತು. ನಾಲ್ಕನೆಯದು ಅಧ್ಯಾಪಕರ ಮುಂದೆ ಮೌಖಿಕ ಪರೀಕ್ಷೆ. ಐದನೆಯದು ಸ್ವತಂತ್ರ ಸಂಶೋಧನೆಯ ಮಹಾಪ್ರಬಂಧ.

ಆರನೆಯದೇ ನಮ್ಮ ಕಥೆಯ ಮುಖ್ಯ ಸಂಗತಿ. ಮಹಾಪ್ರಬಂಧವನ್ನು ಬರೆದು ಒಪ್ಪಿಸಿದರೆ ಪದವಿ ಬರುತ್ತಿರಲಿಲ್ಲ. ಅದನ್ನು ಅಚ್ಚು ಹಾಕಿಸಿ, ಅಚ್ಚಾದ ಪ್ರತಿಗಳನ್ನು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಮೇಲೆಯೇ ‘ಡಾಕ್ಟರ್’ ಎಂದು ಘೋಷಿಸುತ್ತಿದ್ದರು. ಇದೂ ಜರ್ಮನಿಯಿಂದ ಬಂದ ಪದ್ಧತಿ. ಇದರ ಹಿಂದಿನ ವಿಚಾರ ಸರಳವಾದದ್ದು. ನಾಲ್ಕು ಮಂದಿ ಪರೀಕ್ಷಕರು ಮುಚ್ಚಿದ ಕೋಣೆಯಲ್ಲಿ ಮೆಚ್ಚಿದರೆ ಅದು ವಿದ್ಯೆಗೆ ಸಲ್ಲಿಸಿದ ಕಾಣಿಕೆಯಾಗದು. ಲೋಕದ ವಿದ್ವಾಂಸರೆಲ್ಲ ಓದಿ ಒರೆಗೆ ಹಚ್ಚುವಂತೆ ಅದು ಬಯಲಿಗೆ ಬರಬೇಕು. ಕೊಲಂಬಿಯಾದ ನಿಕಾಯ ಇದಕ್ಕೆ ಅನುಕೂಲವಾಗಲೆಂದು 1891ರಿಂದ ಒಂದು ಗ್ರಂಥಮಾಲೆಯನ್ನೇ ಆರಂಭಿಸಿತು. ಎಷ್ಟೋ ಮಹಾಪ್ರಬಂಧಗಳು ಅದರಲ್ಲಿ ಅಚ್ಚಾದವು. ಚೀನಾದಿಂದ ಬಂದ ವೆಲಿಂಗ್‌ಟನ್ ಕೂ ಎಂಬ ತರುಣರ ಮಹಾಪ್ರಬಂಧ 1912ರಲ್ಲಿ ಅದೇ ಮಾಲೆಯಲ್ಲಿ ಹೊರಬಂತು. ಅದೇ ವರ್ಷ ಪದವಿಯನ್ನೂ ಪಡೆದು ತಾಯ್ನಾಡಿನ ಹೊಸ ಗಣರಾಜ್ಯದ ಸೇವೆಗೆ ಹೊರಟುಹೋದ ಅವರು, ಮುಂದೆ ಹೆಸರಾಂತ ರಾಜತಂತ್ರಜ್ಞರಾಗಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಆದರು.

ನಿಯಮಗಳು ಎಲ್ಲರಿಗೂ ಒಂದೇ ಎಂದು ಕಾಗದದಲ್ಲಿರುತ್ತದೆ. ಆದರೆ ಅವು ಎಲ್ಲರ ಮೇಲೂ ಒಂದೇ ಭಾರ ಹಾಕುವುದಿಲ್ಲ. ಬೇರೆ ಎರಡು ವಿಶ್ವವಿದ್ಯಾನಿಲಯಗಳ ಉದಾಹರಣೆ ನೋಡಿ. ಅಮೆರಿಕದ ಅಧ್ಯಕ್ಷರಲ್ಲಿ ಪಿಎಚ್.ಡಿ. ಪಡೆದ ಏಕೈಕ ವ್ಯಕ್ತಿ ವುಡ್ರೋ ವಿಲ್ಸನ್. ಅವರು ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಇತಿಹಾಸ ಮತ್ತು ರಾಜ್ಯಶಾಸ್ತ್ರ ಓದುತ್ತಿದ್ದಾಗ ಅಮೆರಿಕದ ಶಾಸನಸಭೆಯ ಬಗ್ಗೆ ಒಂದು ಪುಸ್ತಕ ಬರೆದು 1885ರಲ್ಲಿ ಪ್ರಕಟಿಸಿದರು. ಪದವಿಯ ಕಟ್ಟಳೆಗಳ ಬಗ್ಗೆ ಅವರಿಗೆ ಬೇಸರವಿತ್ತು. ಆದರೂ ವಿಶ್ವವಿದ್ಯಾನಿಲಯ ಆ ಪುಸ್ತಕವನ್ನೇ ಮಹಾಪ್ರಬಂಧವೆಂದು ಒಪ್ಪಿಕೊಂಡು 1886ರಲ್ಲಿ ಪದವಿ ಕೊಟ್ಟಿತು. ಇನ್ನೊಬ್ಬರು ನೀಗ್ರೋ ಜನಾಂಗದ ಮಹಾ ವಿದ್ವಾಂಸರೆಂದು ಅಂದು ಖ್ಯಾತರಾದ, ಇಂದು ಕರಿಯ ಅಮೆರಿಕನ್ನರ ಹಕ್ಕುಗಳ ಹೋರಾಟದ ಹಿರಿಯರೆಂದು ನಾವು ಗೌರವಿಸುವ ಡು ಬೋಯಿಸ್. ಅವರು 1892ರಿಂದ 1894ರವರೆಗೆ ಬರ್ಲಿನ್ನಿನಲ್ಲಿ ಓದಿದರು. ಅಲ್ಲಿನ ಗುರುಗಳಿಗೆ ಅವರ ಮೇಲೆ ವಿಶ್ವಾಸವಿತ್ತು. ಆದರೆ ವಾಸ್ತವ್ಯದ ಅವಧಿ ತುಂಬಿರಲಿಲ್ಲ. ಅವಧಿ ತುಂಬಿಸೋಣವೆಂದರೆ ಸ್ಲೇಟರ್ ನಿಧಿಯವರು ಧನಸಹಾಯ ಮುಂದುವರಿಸಲಿಲ್ಲ. ಬರ್ಲಿನ್ನಿನ ಪದವಿ ಇಲ್ಲದೆ ಮರಳಿದ ಅವರು 1895ರಲ್ಲಿ ಹಾರ್ವರ್ಡಿನಿಂದ ಪಿಎಚ್.ಡಿ. ಪಡೆದರು, ಆ ವಿಶ್ವವಿದ್ಯಾನಿಲಯದಿಂದ ಅದನ್ನು ಪಡೆದ ಮೊದಲ ಕರಿಯರು ಅವರೇ. ಒಬ್ಬರಿಗೆ ನಿಯಮ ತಾನಾಗಿ ಬಾಗಿತು. ಇನ್ನೊಬ್ಬರಿಗೆ ಹಣವಿಲ್ಲದೆ ನಿಯಮವೇ ಗೋಡೆಯಾಯಿತು.

ಸ್ಥಾಪಕರ ಕುರುಡು

ಈ ಹಂತದಲ್ಲಿ ಬರ್ಜೆಸ್ ಅವರ ಬಗ್ಗೆ ಅಪ್ರಿಯವಾದ ಒಂದು ಸತ್ಯವನ್ನು ಹೇಳಲೇಬೇಕು. ವಿವೇಕದ ಆಳ್ವಿಕೆಯ ಕನಸು ಕಂಡ ಈ ಮನುಷ್ಯರು ಜನಾಂಗಗಳ ವಿಷಯದಲ್ಲಿ ಮಾತ್ರ ಅತ್ಯಂತ ಸಂಕುಚಿತರಾಗಿದ್ದರು. ರಾಜ್ಯವನ್ನು ಕಟ್ಟುವ ಸಾಮರ್ಥ್ಯ ಜರ್ಮನ್ ಮೂಲದ ಟ್ಯೂಟಾನಿಕ್ ಜನಾಂಗಗಳಿಗೆ ಮಾತ್ರ ಪೂರ್ಣವಾಗಿ ಇದೆಯೆಂದೂ, ಉಳಿದವರನ್ನು ಆಳಿ ತಿದ್ದುವುದು ಅವುಗಳ ಕರ್ತವ್ಯವೆಂದೂ ಅವರು 1890ರ ಸುಮಾರಿಗೆ ಪ್ರಕಟಿಸಿದ ತಮ್ಮ ಪ್ರಧಾನ ಗ್ರಂಥದಲ್ಲಿ ವಾದಿಸಿದರು. 1902ರ ಇನ್ನೊಂದು ಗ್ರಂಥದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರಿಗೆ ಮತದಾನದ ಹಕ್ಕು ಕೊಟ್ಟದ್ದು ದೊಡ್ಡ ತಪ್ಪೆಂದು ಬರೆದರು. ಇದೇ ನಿಕಾಯದ ಡನ್ನಿಂಗ್ ಮತ್ತು ಅವರ ಶಿಷ್ಯರೂ ಅದೇ ಧಾಟಿಯಲ್ಲಿ ಇತಿಹಾಸ ಬರೆದರು. 1935ರಲ್ಲಿ ಡು ಬೋಯಿಸ್ ತಮ್ಮ ಬೃಹದ್ಗ್ರಂಥದಲ್ಲಿ ಈ ಇಬ್ಬರನ್ನೂ ಹೆಸರು ಹಿಡಿದು ಖಂಡಿಸಿದರು.

ಹೀಗೆ, ಏಷ್ಯದ ಮನುಷ್ಯನಿಗೆ, ಅದರಲ್ಲೂ ಅವನ ಊರಿನವರೇ ಮುಟ್ಟದೆ ದೂರವಿಟ್ಟ ಮನುಷ್ಯನಿಗೆ ರಾಜ್ಯಾಂಗ ಬರೆಯುವ ಯೋಗ್ಯತೆ ಇರಬಹುದೆಂದು ಕನಸಿನಲ್ಲೂ ಎಣಿಸದವರು ಕಟ್ಟಿದ ಶಾಲೆ ಅದು. ಬರ್ಜೆಸ್ 1912ರಲ್ಲಿ ನಿವೃತ್ತರಾದರು. ಮರುವರ್ಷವೇ ಅಂತಹ ಒಬ್ಬ ವಿದ್ಯಾರ್ಥಿ ಅದರ ಬಾಗಿಲಿಗೆ ಬಂದ.

ಪರೇಲಿನಿಂದ ನ್ಯೂಯಾರ್ಕಿಗೆ

ಭೀಮರಾವ್ ಅಂಬೇಡ್ಕರ್ ಅವರು 1912ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿದರು. ವಾಸ ಪರೇಲಿನ ಚಾಳಿನಲ್ಲಿ. 1913ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಓದು ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಜುಲೈಯಲ್ಲಿ ಅವರು ನ್ಯೂಯಾರ್ಕಿನಲ್ಲಿ ಇಳಿದರು. ಆಗ ಅಮೆರಿಕದ ಅಧ್ಯಕ್ಷ ಪದವಿಯಲ್ಲಿದ್ದವರು, ಮೇಲೆ ಹೇಳಿದ ವುಡ್ರೋ ವಿಲ್ಸನ್ನರೇ.

ಅಂದಿನ ಮುಂಬಯಿ ವಿಶ್ವವಿದ್ಯಾನಿಲಯ, 1857ರಲ್ಲಿ ಅದರೊಡನೆ ಹುಟ್ಟಿದ ಕಲ್ಕತ್ತಾ ಮತ್ತು ಮದರಾಸುಗಳಂತೆ, ಲಂಡನ್ನಿನ ಮಾದರಿಯಲ್ಲಿ ಪರೀಕ್ಷೆ ನಡೆಸುವ ಸಂಸ್ಥೆಯಾಗಿ ಆರಂಭವಾದದ್ದು. ನಿಗದಿತ ಪುಸ್ತಕ, ನಿಗದಿತ ಪ್ರಶ್ನೆ, ವರ್ಷಕ್ಕೊಂದು ಪರೀಕ್ಷೆ. ಮುಂಬಯಿ ವಿಶ್ವವಿದ್ಯಾನಿಲಯ ತನ್ನದೇ ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರದ ಶಾಲೆ ತೆರೆದದ್ದು 1919ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾನಿಲಯವಂತೂ 1916ರಲ್ಲಿ ಇನ್ನೂ ಹುಟ್ಟುತ್ತಿತ್ತು. ಅಲ್ಲಿಂದ ಹೋದ ತರುಣನಿಗೆ, ಗುರುಗಳ ಎದುರು ಕುಳಿತು ಚರ್ಚೆ ಮಾಡುವ, ತನಗೆ ಬೇಕಾದ ಪಾಠವನ್ನು ತಾನೇ ಆರಿಸಿಕೊಳ್ಳುವ ಕೊಲಂಬಿಯಾ ಹೊಸ ಲೋಕವೇ ಆಗಿರಬೇಕು.

ಅವರು ಅಲ್ಲಿ ಆರಿಸಿಕೊಂಡ ಪಾಠಗಳ ಪಟ್ಟಿ ನೋಡಿದರೆ ಬೆರಗಾಗುತ್ತದೆ. ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜನೀತಿಯಲ್ಲಿ 3. ಕೊನೆಯಲ್ಲಿ ಪ್ರಾಥಮಿಕ ಫ್ರೆಂಚ್ ಒಂದು, ಪ್ರಾಥಮಿಕ ಜರ್ಮನ್ ಒಂದು. ಆ ಕೊನೆಯ ಎರಡು ಪಾಠಗಳನ್ನು ಕಂಡಾಗ, ಕಡತದಲ್ಲಿ ಮೂರನೆಯ ಕಟ್ಟಳೆಯ ಎದುರು ಗುರುತು ಹಾಕಿದಂತೆ ನನಗೆ ಅನಿಸಿತು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಪರ್ಶಿಯನ್, ಕಾಲೇಜಿನಲ್ಲಿ ಇಂಗ್ಲಿಷ್ ಕಲಿತವರು, ಪದವಿಗಾಗಿ ಇನ್ನೆರಡು ಭಾಷೆಗಳ ಬಾಲಪಾಠಕ್ಕೆ ಕುಳಿತರು. ಅವರಿಗೆ ಸಂಸ್ಕೃತ ಓದುವ ಆಸೆಯಿತ್ತು. ಆದರೆ ಇಲ್ಲಿ ಅಸ್ಪೃಶ್ಯ ಬಾಲಕನಿಗೆ ಅದನ್ನು ಕಲಿಸಲು ಶಾಲೆ ಒಪ್ಪಿರಲಿಲ್ಲ. ಕೊಲಂಬಿಯಾದಲ್ಲಿ ಯಾವ ಪಾಠದ ಕೋಣೆಯೂ ಅವರಿಗೆ ಮುಚ್ಚಿರಲಿಲ್ಲ. ಸ್ಥಾಪಕರ ಮನಸ್ಸಿನಲ್ಲಿದ್ದ ಜನಾಂಗದ ಮೇಲುಕೀಳು, ಅವರೇ ಮಾಡಿದ ಪದವಿಯ ಕಟ್ಟಳೆಗಳ ಪಟ್ಟಿಯಲ್ಲಿ ಇರಲಿಲ್ಲ.

ಗುರುಗಳೂ ಅಂಥವರೇ ಸಿಕ್ಕಿದರು. ತೆರಿಗೆ ಮತ್ತು ಸಾರ್ವಜನಿಕ ಹಣಕಾಸಿನ ಪಂಡಿತರಾದ ಸೆಲಿಗ್ಮನ್, ಇತಿಹಾಸಕಾರರಾದ ಶಾಟ್‌ವೆಲ್ ಮತ್ತು ರಾಬಿನ್ಸನ್, ತತ್ತ್ವಜ್ಞಾನಿ ಜಾನ್ ಡ್ಯೂಯಿ. 1915ರಲ್ಲಿ ಪ್ರಾಚೀನ ಭಾರತದ ವಾಣಿಜ್ಯದ ಮೇಲಿನ ಪ್ರಬಂಧಕ್ಕೆ ಎಂ.ಎ. ಬಂತು. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆಯ ಕುರಿತ ಪ್ರಸಿದ್ಧ ಲೇಖನವನ್ನು ಓದಿದರು. ಅದೇ ವರ್ಷ ಭಾರತದ ರಾಷ್ಟ್ರೀಯ ಆದಾಯದ ವಿಷಯವಾಗಿ ಒಂದು ಮಹಾಪ್ರಬಂಧವನ್ನೂ ಸಿದ್ಧಪಡಿಸಿದರು. ಮೂರು ವರ್ಷದೊಳಗೆ, ವಿದ್ಯಾರ್ಥಿವೇತನದಲ್ಲಿ ಉಳಿಸಿ ಮನೆಗೂ ಹಣ ಕಳಿಸುತ್ತ, ವಾಸ್ತವ್ಯ, ವಿಷಯ, ಪ್ರಬಂಧ ಎಲ್ಲವನ್ನೂ ದಾಟಿದರು. ಉಳಿದದ್ದು ಆರನೆಯ ಕಟ್ಟಳೆ, ಅಚ್ಚು.

ಹನ್ನೊಂದು ವರ್ಷದ ಕಾಯುವಿಕೆ

1916ರಲ್ಲಿ ಅವರು ಲಂಡನ್ನಿಗೆ ಹೋಗಿ ಸ್ಕೂಲ್ ಆಫ್ ಇಕನಾಮಿಕ್ಸ್ ಸೇರಿದರು. ಜೊತೆಗೆ ಬ್ಯಾರಿಸ್ಟರ್ ಓದು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಹಿಂತಿರುಗಬೇಕಾಯಿತು. ಅದು ಮೊದಲನೆಯ ಮಹಾಯುದ್ಧದ ಕಾಲ. ಅವರ ಸಾಮಾನುಗಳನ್ನು ಹೊತ್ತ ಹಡಗು ಶತ್ರುಗಳ ಟಾರ್ಪಿಡೋಗೆ ಸಿಕ್ಕಿ ಮುಳುಗಿತು.

ಕರಾರಿನಂತೆ ಬರೋಡೆಗೆ ಹೋದರು. ಕೊಲಂಬಿಯಾದ ಎಂ.ಎ. ಕೈಯಲ್ಲಿದ್ದವರಿಗೆ ಆ ಊರಿನಲ್ಲಿ ಒಂದು ಬಾಡಿಗೆಯ ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದುಕೊಂಡರೆ, ಜಾತಿ ತಿಳಿದು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಕಚೇರಿಯ ಜವಾನರು ಮೈಲಿಗೆಯಾದೀತೆಂದು ಕಡತಗಳನ್ನು ದೂರದಿಂದ ಅವರ ಮೇಜಿನ ಮೇಲೆ ಎಸೆಯುತ್ತಿದ್ದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ದಿನವೂ ಕಡತಗಳನ್ನು ಕೈಯಿಂದ ಕೈಗೆ ಕೊಟ್ಟು ಬದುಕುವ ನನ್ನಂಥ ಗುಮಾಸ್ತನಿಗೆ ಈ ಒಂದು ವಾಕ್ಯವನ್ನು ಓದಿ ಪುಸ್ತಕ ಮುಚ್ಚಿಡಬೇಕಾಯಿತು.

ಮುಂದೆ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ 1918ರಿಂದ 1920ರವರೆಗೆ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ನ್ಯೂಯಾರ್ಕಿನಲ್ಲಿ ಕೋಣೆ ಹಂಚಿಕೊಂಡಿದ್ದ ಪಾರ್ಸಿ ಗೆಳೆಯ ನವಲ್ ಭಾಥೇನಾ ಕೊಟ್ಟ ಸಾಲ, ಇವನ್ನು ಒಟ್ಟುಗೂಡಿಸಿ ಮತ್ತೆ ಲಂಡನ್ನಿಗೆ ಹೋದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧಕ್ಕೆ ಡಿ.ಎಸ್ಸಿ. ಲಂಡನ್ನಿನ ದೊಡ್ಡ ಪದವಿ ಕೈಸೇರಿತು. ಮೊದಲೇ ಮುಗಿಯಬೇಕಿದ್ದ ಕೊಲಂಬಿಯಾದ ಪದವಿ ಮಾತ್ರ ಬಾಕಿಯೇ ಉಳಿದಿತ್ತು.

ಕೊನೆಗೆ 1925ರಲ್ಲಿ ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ವಿಕಾಸವನ್ನು ಕುರಿತ ಅವರ ಗ್ರಂಥವನ್ನು ಲಂಡನ್ನಿನ ಪಿ. ಎಸ್. ಕಿಂಗ್ ಸಂಸ್ಥೆ ಅಚ್ಚು ಮಾಡಿತು. ಗುರು ಸೆಲಿಗ್ಮನ್ ಮುನ್ನುಡಿ ಬರೆದರು. ಓದಿಸಿದ ಸಯಾಜಿರಾವ್ ಗಾಯಕವಾಡರಿಗೆ ಗ್ರಂಥ ಅರ್ಪಿತವಾಯಿತು. 1927ರಲ್ಲಿ ಕೊಲಂಬಿಯಾದ ರಾಜ್ಯಶಾಸ್ತ್ರ ನಿಕಾಯ ಅವರಿಗೆ ಪಿಎಚ್.ಡಿ. ನೀಡಿತು. ನ್ಯೂಯಾರ್ಕ್ ಬಿಟ್ಟು ಹನ್ನೊಂದು ವರ್ಷ ಆಗಿತ್ತು. ಅದೇ 1927ರ ಮಾರ್ಚಿನಲ್ಲಿ ಅವರು ಮಹಾಡದ ಚವದಾರ ಕೆರೆಯ ನೀರನ್ನು ಸಾವಿರಾರು ಜನರೊಡನೆ ಮುಟ್ಟಿ ಕುಡಿದಿದ್ದರು.

ಆ ಗ್ರಂಥದಲ್ಲಿ ಏನಿದೆ?

ಹಣಕಾಸಿನ ಇತಿಹಾಸವೆಂದರೆ ಒಣ ವಿಷಯವೆಂದು ಎಣಿಸಬಾರದು. ಬ್ರಿಟಿಷರು 1833ರಲ್ಲಿ ಭಾರತದ ಹಣಕಾಸಿನ ಅಧಿಕಾರವನ್ನೆಲ್ಲ ಕೇಂದ್ರದ ಕೈಗೆ ಒಪ್ಪಿಸಿದರು. ಖರ್ಚು ಮಾಡುವವರು ಪ್ರಾಂತಗಳು, ಹಣ ಹೊಂದಿಸಬೇಕಾದದ್ದು ಕೇಂದ್ರ. ಪ್ರಾಂತಗಳಿಗೆ ಮಿತವ್ಯಯದ ಚಿಂತೆಯಿಲ್ಲ. ಕೇಂದ್ರಕ್ಕೆ ಪ್ರಾಂತಗಳ ನಿಜವಾದ ಅಗತ್ಯ ತಿಳಿಯದು. 1870ರ ನಂತರ ಹಂತಹಂತವಾಗಿ ಪ್ರಾಂತಗಳಿಗೆ ಮೊದಲು ಗೊತ್ತಾದ ಮೊತ್ತ, ಆಮೇಲೆ ಕೆಲವು ಆದಾಯ, ಆಮೇಲೆ ಆದಾಯದಲ್ಲಿ ಪಾಲು ಎಂದು ವ್ಯವಸ್ಥೆ ಬದಲಾಗುತ್ತ ಬಂತು. ಈ ಬದಲಾವಣೆಯನ್ನು ಅಂಕಿ ಅಂಶಗಳೊಡನೆ ಬಿಡಿಸಿ, ಜನರಿಗೆ ಉತ್ತರ ಹೇಳಬೇಕಾಗಿಲ್ಲದ ಸರಕಾರ ಹಣವನ್ನು ಎಷ್ಟೇ ಚೆನ್ನಾಗಿ ಹಂಚಿದರೂ ಪ್ರಜೆಗಳಿಗೆ ಹಿತವಾಗದೆಂಬುದನ್ನು ಅಂಬೇಡ್ಕರ್ ತೋರಿಸಿದರು.

ಕೇಂದ್ರ ಮತ್ತು ರಾಜ್ಯಗಳ ನಡುವೆ ತೆರಿಗೆಯ ಹಣ ಹೇಗೆ ಹಂಚಿಕೆಯಾಗಬೇಕೆಂಬ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ನಮ್ಮ ಸಂವಿಧಾನದ 280ನೆಯ ವಿಧಿಯಂತೆ ಇದಕ್ಕಾಗಿ ಹಣಕಾಸು ಆಯೋಗವನ್ನು ನೇಮಿಸುತ್ತಾರೆ. ಮೊದಲ ಆಯೋಗ ನೇಮಕವಾದದ್ದು 1951ರಲ್ಲಿ. ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಕೊಲಂಬಿಯಾದಲ್ಲಿ ಇದೇ ಶಾಸ್ತ್ರಗಳನ್ನು ಓದಿದವರೇ. 1952ರಲ್ಲಿ ಕೊಲಂಬಿಯಾ ಅವರನ್ನು ಕರೆದು ಗೌರವ ಎಲ್‌ಎಲ್.ಡಿ. ನೀಡಿ ಸಂವಿಧಾನದ ಕೆಲಸವನ್ನು ಮನ್ನಿಸಿತು. ಆ ಪದವಿಗೆ ಅಚ್ಚಿನ ಪ್ರತಿ ಯಾರೂ ಕೇಳಲಿಲ್ಲ.

ನಿಯಮದ ಎರಡು ಮುಖ

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ಅಚ್ಚಿನ ನಿಯಮ ಒಳ್ಳೆಯದೋ ಕೆಟ್ಟದ್ದೋ?

ಒಂದು ಕಡೆಯಿಂದ ನೋಡಿದರೆ ಅದು ಬಡವನ ಮೇಲೆ ಹೇರಿದ ದಂಡ. ಪರೀಕ್ಷೆಯಲ್ಲಿ ಗೆದ್ದವನಿಗೂ ಮುದ್ರಣದ ಖರ್ಚನ್ನು ಹೊಂದಿಸುವ ತನಕ ಪದವಿ ಇಲ್ಲ. ಸಿರಿವಂತರ ಮಗನಿಗೆ ಆರು ತಿಂಗಳಲ್ಲಿ ಮುಗಿಯುವ ಕೆಲಸ, ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ವರ್ಷಗಳನ್ನೇ ತೆಗೆದುಕೊಳ್ಳುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಆ ನಿಯಮದ ಒತ್ತಾಯ ಇದ್ದುದರಿಂದಲೇ ಆ ಪಾಂಡಿತ್ಯ ವಿಶ್ವವಿದ್ಯಾನಿಲಯದ ಕಪಾಟಿನಲ್ಲಿ ಧೂಳು ತಿನ್ನದೆ ಪುಸ್ತಕವಾಗಿ ಉಳಿಯಿತು. ನೂರು ವರ್ಷದ ನಂತರ ನನ್ನಂಥ ಸಾಮಾನ್ಯನೂ ಅದನ್ನು ತೆರೆದು ನೋಡಬಹುದಾಯಿತು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ನಿಯಮವನ್ನು ಮಾಡಿದವರ ಮನಸ್ಸು ಎಷ್ಟೇ ಸಣ್ಣದಿದ್ದರೂ, ಬರೆದಿಟ್ಟ ನಿಯಮ ಅವರಿಗಿಂತ ದೊಡ್ಡದಾಗಬಲ್ಲದು. ಬರ್ಜೆಸ್ ಅವರ ಶಾಲೆಯ ಕಟ್ಟಳೆಗಳು ಇಷ್ಟು ಕಾಲ ಇರಬೇಕು, ಇಷ್ಟು ಭಾಷೆ ಬರಬೇಕು, ಇಂಥ ಪ್ರಬಂಧ ಬೇಕು ಎಂದು ಕೇಳಿದವು; ನಿನ್ನ ಜಾತಿ ಯಾವುದೆಂದು ಕೇಳಲಿಲ್ಲ. ಬರೋಡೆಯ ಜವಾನರು ಕಡತ ಎಸೆಯಬೇಕೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ. ಅದು ನಿಯಮವಲ್ಲ, ರೂಢಿ. ರೂಢಿಯ ಎದುರು ಅರ್ಜಿ ಹಾಕಲು ಬರುವುದಿಲ್ಲ. ಬರೆದ ನಿಯಮವನ್ನಾದರೆ ಪಾಲಿಸಿ ತೋರಿಸಬಹುದು, ಪ್ರಶ್ನಿಸಬಹುದು, ತಿದ್ದಲೂಬಹುದು. ಸಂವಿಧಾನವನ್ನು ಅಕ್ಷರ ಅಕ್ಷರವಾಗಿ ಬರೆದಿಡಲು ಅವರು ಪಟ್ಟ ಶ್ರಮದ ಹಿಂದೆ ಈ ಅನುಭವವೂ ಇತ್ತೆಂದು ನನ್ನ ಭಾವನೆ.

ತಿದ್ದುವ ಕೆಲಸ ನಡೆದೂ ಇದೆ. ಕೊಲಂಬಿಯಾದಲ್ಲಿ ಇಂದು ಮಹಾಪ್ರಬಂಧವನ್ನು ಅಚ್ಚು ಹಾಕಿಸಬೇಕಾಗಿಲ್ಲ. ಗಣಕಯಂತ್ರದ ಮೂಲಕ ಪ್ರತಿ ಸಲ್ಲಿಸಿದರೆ ಸಾಕು. ನಮ್ಮಲ್ಲಿಯೂ ಮಹಾಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯೊಂದರಲ್ಲಿ ಸಂಶೋಧನಾ ಲೇಖನ ಪ್ರಕಟವಾಗಿರಬೇಕೆಂದು 2016ರ ನಿಯಮಾವಳಿ ಕೇಳುತ್ತಿತ್ತು. ಅದನ್ನು 2022ರಲ್ಲಿ ಕೈಬಿಟ್ಟರು. ಎಂ.ಫಿಲ್. ಪದವಿಯೂ ಅದರೊಡನೆ ನಿಂತಿತು. ಎಂ.ಎ.ಯಲ್ಲಿ ಶೇಕಡಾ 55 ಅಂಕ, ಪರಿಶಿಷ್ಟ ಜಾತಿ, ಪಂಗಡ ಮೊದಲಾದವರಿಗೆ ಶೇಕಡಾ 5ರ ರಿಯಾಯಿತಿ. ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು. ಇವು ಇಂದಿನ ಕಟ್ಟಳೆಗಳು. ಇನ್ನೂ ಬಾಕಿ ಉಳಿದಿರುವುದು ಸಮಯ ಮತ್ತು ಹಣ. ಅದನ್ನು ಯಾವ ಆಯೋಗದ ನಿಯಮವೂ ಪೂರ್ತಿಯಾಗಿ ಒದಗಿಸಲಾರದು.

ಮುಂಬಯಿಯ ಕನ್ನಡಿಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತ ಹಿರಿಯರ ಮೊಮ್ಮಕ್ಕಳು ನಾವು. ಅಂದಿನ ರಾತ್ರಿಶಾಲೆಗಳು ನಡೆದದ್ದು, ಕೆಲಸ ಮುಗಿಸಿದ ಹುಡುಗನಿಗೆ ಎರಡು ಗಂಟೆ ಬಿಡುವು ಕೊಡಲು ಒಪ್ಪಿದ ಮಾಲೀಕರು ಇದ್ದುದರಿಂದ. ಇಂದಿನ ‘ನೋ ಅಬ್ಜೆಕ್ಷನ್’ ಪತ್ರವೂ ಕೇಳುವುದು ಅದೇ ಎರಡು ಗಂಟೆಯನ್ನು.

ಕೊನೆಗೆ ಆ ಕಡತದ ವಿಷಯ. ಕಡಿಮೆಯಿದ್ದ ಕಾಗದವನ್ನು ಹುಡುಗಿ ಮರುದಿನವೇ ತಂದುಕೊಟ್ಟಳು. ಇಂತಹ ಟಿಪ್ಪಣಿಗಳಲ್ಲಿ ‘ಪರಿಶೀಲಿಸಬಹುದು’ ಎಂದು ಬರೆದು ಮೇಲಕ್ಕೆ ತಳ್ಳುವುದು ನನ್ನ ಹಳೆಯ ಅಭ್ಯಾಸ. ಈ ಸಲ ನಿಯಮದ ಮೂರೂ ಅಂಶಗಳನ್ನು ಒಂದೊಂದಾಗಿ ಬರೆದು, ಮೂರನೆಯದರ ಎದುರು, ಪಾಠದ ದಿನಗಳಲ್ಲಿ ಆಕೆಯ ಕೆಲಸವನ್ನು ವಿಭಾಗದಲ್ಲಿ ಯಾರು ನೋಡಿಕೊಳ್ಳಬಹುದೆಂಬುದನ್ನೂ ಸೂಚಿಸಿದೆ. ಆ ಸ್ಥಳದಲ್ಲಿ ನನ್ನ ಹೆಸರನ್ನೇ ಬರೆದೆ. ಹದಿನೈದು ದಿನಕ್ಕೆ ಕಡತ ಒಪ್ಪಿಗೆಯೊಂದಿಗೆ ಕೆಳಗಿಳಿದು ಬಂತು. ಅದನ್ನು ನಾನೇ ಆಕೆಯ ಕೈಗೆ ಕೊಟ್ಟೆ.